ಮೂರು ಇರಬೇಕು ಎಂದರೆ ಮೂರು

ಮದುವೆ ಮನೆಯಲ್ಲಿ ಊಟದ ಉಸ್ತುವಾರಿ ಹೊತ್ತವರಿಗೆ ನಾವು ಹೇಳುವುದು ಇಷ್ಟೇ: "ಸಾರು ಬಡಿಸೋಕೆ ಯಾವಾಗಲೂ ಮೂರು ಜನ ಇರಬೇಕು." ಆ ಮೂವರು ಯಾರು, ಒಬ್ಬ ನಡುವೆ ಎದ್ದು ಹೋದರೆ ಬಕೆಟ್ ಯಾರ ಕೈಗೆ ಎಂಬುದೆಲ್ಲ ಅವರ ತಲೆನೋವು. ಪ್ರೋಗ್ರಾಮುಗಳನ್ನು ಹಲವು ಯಂತ್ರಗಳ ಮೇಲೆ ನಡೆಸುವ ಕುಬರ್ನೆಟೀಸ್ ಕಲಿಯಲು ಬಂದವರಿಗೆ ಮೊದಲ ದಿನ ನಾನು ಇದನ್ನೇ ಹೇಳುತ್ತೇನೆ. ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂಬ ಅಪ್ಪಣೆ ಇಲ್ಲಿಲ್ಲ. ಏನಿರಬೇಕು ಎಂದು ಬರೆದುಕೊಟ್ಟರೆ, ಅದು ಇದೆಯೋ ಇಲ್ಲವೋ ಎಂದು ಆ ಯಂತ್ರಗಳ ಗುಂಪು, ಅಂದರೆ ಕ್ಲಸ್ಟರ್, ಸದಾ ನೋಡುತ್ತಿರುತ್ತದೆ.

ಕುಬರ್ನೆಟೀಸ್ ಎಂಬ ಹೆಸರು ಗ್ರೀಕ್ ಭಾಷೆಯದು, ಹಡಗಿನ ಚುಕ್ಕಾಣಿ ಹಿಡಿಯುವವನು ಎಂದರ್ಥ. ಗೂಗಲ್ ತನ್ನೊಳಗೆ ಬೋರ್ಗ್ ಎಂಬ ವ್ಯವಸ್ಥೆಯನ್ನು ನಡೆಸಿ ಪಡೆದ ಅನುಭವದಿಂದ ಇದನ್ನು ಕಟ್ಟಿ 2014ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. 1.0 ಆವೃತ್ತಿ ಬಂದದ್ದು 2015ರಲ್ಲಿ.

ನಿಮ್ಮದೊಂದು ಚಿಕ್ಕ ಅಂಗಡಿಯ ವೆಬ್‌ಸೈಟ್ ಇದೆ ಎನ್ನೋಣ. ಪ್ರೋಗ್ರಾಮು, ಅದಕ್ಕೆ ಬೇಕಾದ ಲೈಬ್ರರಿಗಳು ಎಲ್ಲವನ್ನೂ ಬುತ್ತಿ ಕಟ್ಟಿದ ಹಾಗೆ ಒಂದು ಇಮೇಜ್ ಆಗಿ ಕಟ್ಟುತ್ತೀರಿ. ಅದು ಓಡತೊಡಗಿದರೆ ಕಂಟೇನರ್. ಕಂಟೇನರ್ ಕೂರುವ ಜಾಗ ಪಾಡ್. ಇಂಥ ಪಾಡ್ ಮೂರಿರಲಿ ಎಂದು ಡಿಪ್ಲಾಯ್‌ಮೆಂಟ್ ಎಂಬ ಯಾಮಲ್ ಕಡತದಲ್ಲಿ ಬರೆಯುತ್ತೀರಿ. ಯಾಮಲ್‌ನಲ್ಲಿ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಅರ್ಧ ತರಗತಿ ಮೊದಲು ಎಡವುವುದು ಅಲ್ಲೇ.

ಪಾಡ್‌ಗಳನ್ನು ಹಚ್ಚಿಕೊಳ್ಳಬಾರದು. ಒಂದು ಸತ್ತರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ, ಹೊಸ ಹೆಸರು, ಹೊಸ ಐಪಿ ವಿಳಾಸ ಹೊತ್ತು. ಹಾಗಾದರೆ ಗಿರಾಕಿ ಯಾರನ್ನು ಹುಡುಕಿಕೊಂಡು ಬರಬೇಕು? ಅದಕ್ಕೇ ಸರ್ವಿಸ್. ಅದರ ವಿಳಾಸ ಬದಲಾಗುವುದಿಲ್ಲ. ಪಾಡ್‌ಗೆ ಅಂಟಿಸಿದ ಲೇಬಲ್ ನೋಡಿ ಯಾರಿಗೆ ಕೋರಿಕೆ ದಾಟಿಸಬೇಕೆಂದು ಅದು ತಿಳಿಯುತ್ತದೆ.

ಈ ಲೇಬಲ್ ನನ್ನದೊಂದು ಮಧ್ಯಾಹ್ನವನ್ನೇ ನುಂಗಿತ್ತು. ಮೂರೂ ಪಾಡ್ 'ರನ್ನಿಂಗ್' ಎನ್ನುತ್ತಿವೆ, ಲಾಗ್‌ನಲ್ಲಿ ದೋಷವಿಲ್ಲ, ಪುಟ ಮಾತ್ರ ತೆರೆಯುತ್ತಿಲ್ಲ. ಇಮೇಜನ್ನು ಎರಡು ಸಲ ಹೊಸದಾಗಿ ಕಟ್ಟಿದೆ. ಕೊನೆಗೆ ಸರ್ವಿಸ್‌ನ ಎಂಡ್‌ಪಾಯಿಂಟ್‌ಗಳನ್ನು (ಎಂದರೆ ಅದು ಕೋರಿಕೆ ದಾಟಿಸುವ ಪಾಡ್ ವಿಳಾಸಗಳನ್ನು) ಕೇಳಿದರೆ ಪಟ್ಟಿ ಖಾಲಿ! ಪಾಡ್‌ನಲ್ಲಿ 'ಅಂಗಡಿ-ವೆಬ್' ಎಂಬ ಲೇಬಲ್, ಸರ್ವಿಸ್ ಹುಡುಕುತ್ತಿದ್ದದ್ದು ಬರೀ 'ಅಂಗಡಿ'ಯನ್ನು. ಹಾಗೆಂದು ಕುಬರ್ನೆಟೀಸ್ ನನ್ನನ್ನು ಗದರಲಿಲ್ಲ. ಅದರ ಪ್ರಕಾರ ನಾನು ಬರೆದದ್ದು ಸರಿಯಾಗಿಯೇ ಇತ್ತು, ಆ ಹೆಸರಿನವರು ಯಾರೂ ಇರಲಿಲ್ಲ ಅಷ್ಟೆ.

ಹೊರಗಿನ ಜಗತ್ತಿಗೆ ಬಾಗಿಲು ತೆರೆಯಲು ನೋಡ್‌ಪೋರ್ಟ್, ಲೋಡ್ ಬ್ಯಾಲೆನ್ಸರ್, ಇಂಗ್ರೆಸ್ ಎಂಬ ದಾರಿಗಳಿವೆ. ಕಲಿಯುವಾಗ ನೋಡ್‌ಪೋರ್ಟ್ ಸಾಕು; ಸಾಮಾನ್ಯವಾಗಿ 30000ದಿಂದ 32767ರ ನಡುವಿನ ಒಂದು ಪೋರ್ಟ್ ಸಿಗುತ್ತದೆ.

ನಿಜವಾದ ಸೊಗಸು ಹೊಸ ಆವೃತ್ತಿ ಬಿಡುವಾಗ ಕಾಣುತ್ತದೆ. ಇಮೇಜಿನ ಹೆಸರಿನ ಮುಂದಿನ ಸಂಖ್ಯೆ ಬದಲಿಸಿ ಕಡತವನ್ನು ಮತ್ತೆ ಕೊಡಿ. ನೀವು ಬೇರೇನೂ ಹೇಳದಿದ್ದರೆ, ಮೂರು ಪಾಡ್ ಇರುವಲ್ಲಿ ಮೊದಲು ಹೊಸದೊಂದು ಹುಟ್ಟುತ್ತದೆ. ಅದು ಸಿದ್ಧವಾದ ಮೇಲೆಯೇ ಹಳೆಯದೊಂದು ನಿಲ್ಲುತ್ತದೆ. ಆದರೆ 'ಸಿದ್ಧ' ಎಂದರೇನು? ನೀವು ಹೇಳದಿದ್ದರೆ, ಕಂಟೇನರ್ ಶುರುವಾದರೆ ಸಾಕು, ಸಿದ್ಧ ಎಂದೇ ಲೆಕ್ಕ. ನಿಮ್ಮ ಪ್ರೋಗ್ರಾಮು ಡೇಟಾಬೇಸ್ ಮಾತಾಡಿಸಿ ಎಚ್ಚರಗೊಳ್ಳಲು ಇಪ್ಪತ್ತು ಸೆಕೆಂಡು ಬೇಕಿದ್ದರೆ, ಆ ಇಪ್ಪತ್ತು ಸೆಕೆಂಡು ಬಂದ ಗಿರಾಕಿಗೆ ದೋಷದ ಪುಟವೇ ಗತಿ. ಆದ್ದರಿಂದ ರೆಡಿನೆಸ್ ಪ್ರೋಬ್ ಬರೆಯಿರಿ: ಇಂಥ ವಿಳಾಸಕ್ಕೆ ಸರಿಯಾದ ಉತ್ತರ ಬಂದರೆ ಮಾತ್ರ ಗಿರಾಕಿಗಳನ್ನು ಕಳಿಸು, ಎಂದು. ಇದನ್ನು ಆಮೇಲೆ ಸೇರಿಸಿದರಾಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

'ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್' ಎಂಬ ಪದ ಕಂಡರೆ ಗಾಬರಿ ಬೇಡ. ಪ್ರೋಗ್ರಾಮು ಶುರುವಾದೊಡನೆ ಬೀಳುತ್ತಿದೆ, ಕ್ಲಸ್ಟರ್ 10 ಸೆಕೆಂಡು, 20, 40 ಹೀಗೆ ಕಾಯುವ ಹೊತ್ತನ್ನು ಐದು ನಿಮಿಷದವರೆಗೆ ಹಿಗ್ಗಿಸುತ್ತಾ ಮತ್ತೆ ಮತ್ತೆ ಎಬ್ಬಿಸುತ್ತಿದೆ. ತಪ್ಪು ಬಹುಪಾಲು ನಿಮ್ಮ ಪ್ರೋಗ್ರಾಮಿನಲ್ಲೋ ಸೆಟ್ಟಿಂಗಿನಲ್ಲೋ ಇರುತ್ತದೆ. ಹಿಂದಿನ ಸಲ ಬಿದ್ದಾಗಿನ ಲಾಗ್ ಓದಿ.

ದಿನಕ್ಕೆ ನೂರು ಜನ ನೋಡುವ ಒಂದೇ ಸೈಟು ನಿಮ್ಮದಾಗಿದ್ದರೆ ಇದೆಲ್ಲ ಬೇಡವೇ ಬೇಡ, ಒಂದು ಬಾಡಿಗೆ ಸರ್ವರ್ ಸಾಕು. ಕಲಿಯಲೇಬೇಕು ಎನ್ನುವವರು ಲ್ಯಾಪ್‌ಟಾಪ್‌ನಲ್ಲಿ ಮಿನಿಕ್ಯೂಬ್ ಎಂಬ ಪುಟ್ಟ ಕ್ಲಸ್ಟರ್ ಹಾಕಿಕೊಳ್ಳಿ. ಮೂರು ಪಾಡ್ ಎಬ್ಬಿಸಿ, ಒಂದನ್ನು ನೀವೇ ಅಳಿಸಿ, ತಕ್ಷಣ ಪಟ್ಟಿ ಕೇಳಿ. ಮತ್ತೆ ಮೂರೇ ಇರುತ್ತವೆ. ಒಂದರ ಹೆಸರಿನ ಬಾಲ ಬೇರೆ, ವಯಸ್ಸು ನಾಲ್ಕು ಸೆಕೆಂಡು.