ಪ್ರಾಣಿ ಮಾರಾಟದ ಅಂಗಡಿಗಳ ನೋಂದಣಿಯೂ ಅದರ ರದ್ದತಿಯೂ

ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಪ್ರೇರಣೆಯಿಂದ 1960ರಲ್ಲಿ ರೂಪುಗೊಂಡ ಪ್ರಾಣಿ ಹಿಂಸೆ ತಡೆ ಕಾಯಿದೆಯು ಸ್ವತಂತ್ರ ಭಾರತವು ಮೂಕಜೀವಿಗಳಿಗೆ ಇತ್ತ ಮಹತ್ತರವಾದ ಆಸರೆಯೆಂಬುದು ನಿಸ್ಸಂದೇಹವಾದರೂ, ಅದರ 11ನೆಯ ಪ್ರಕರಣವು ಮೊದಲ ಅಪರಾಧಕ್ಕೆ ವಿಧಿಸುವ ಜುಲ್ಮಾನೆ ಇಂದಿಗೂ 10 ರೂಪಾಯಿಯಿಂದ 50 ರೂಪಾಯಿಯವರೆಗೆ ಮಾತ್ರ. ಒಂದೇ ನಾಯಿಮರಿಯ ಮಾರಾಟದಿಂದ ಸಾವಿರಾರು ರೂಪಾಯಿ ಗಳಿಸುವ ವರ್ತಕನಿಗೆ ಇದು ದಂಡವೇ ಅಲ್ಲ. ಅವನು ನಿಜವಾಗಿ ಅಂಜುವುದು ಅಂಗಡಿಯ ಬಾಗಿಲಿಗೆ ಬೀಳುವ ಸರಕಾರದ ಮುದ್ರೆಗೆ. ಆ ಮುದ್ರೆ ಬೀಳುವ ಕ್ರಮವನ್ನು ನಾಗರಿಕರು ಅರಿತಿರಬೇಕಾದುದು ಆದಕಾರಣವೇ.

ಈ ಕಾಯಿದೆಯಡಿ 2018ರಲ್ಲಿ ಹೊರಟ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇಲ್ಲದೆ ಯಾರೂ ಪ್ರಾಣಿಪಕ್ಷಿಗಳ ಮಾರಾಟವನ್ನು ವೃತ್ತಿಯಾಗಿ ನಡೆಸುವಂತಿಲ್ಲ. ನಗರಸಭೆಯೋ ಪಾಲಿಕೆಯೋ ಕೊಡುವ ವ್ಯಾಪಾರ ಪರವಾನಗಿ ಬೇರೆ, ಈ ನೋಂದಣಿ ಬೇರೆ. ಒಂದನ್ನು ತೋರಿಸಿ ಇನ್ನೊಂದು ಇದೆಯೆಂದು ನಂಬಿಸುವ ಅಂಗಡಿಕಾರರೂ ಉಂಟು. ಪ್ರಮಾಣಪತ್ರವನ್ನು ಗಿರಾಕಿಗಳ ಕಣ್ಣಿಗೆ ಕಾಣುವಂತೆ ತೂಗುಹಾಕತಕ್ಕದ್ದು, ಪ್ರಾಣಿಗಳನ್ನು ಕುರಿತ ದಾಖಲೆಗಳನ್ನು ಇಡತಕ್ಕದ್ದು, 8 ವಾರ ತುಂಬದ ನಾಯಿಮರಿಯನ್ನಾಗಲಿ ಬೆಕ್ಕಿನ ಮರಿಯನ್ನಾಗಲಿ ಮಾರಕೂಡದು. ನಾಯಿತಳಿಗಾರರಿಗೆ 2017ರ ಪ್ರತ್ಯೇಕ ನಿಯಮಗಳಿವೆ. ಇನ್ನು ನಮ್ಮ ಹಸಿರು ಗಿಳಿಯ ಮಾತು: ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಅದನ್ನು ಯಾವ ನೋಂದಣಿಯ ಬಲದಿಂದಲೂ ಮಾರುವಂತಿಲ್ಲ, ಅಂಥದ್ದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಈ ನಿಯಮಗಳನ್ನು ಮೀರಿದ ಅಂಗಡಿಯ ನೋಂದಣಿ ರದ್ದಾಗಲೆಂದು ದೂರು ಕೊಡುವವರು ಕೋಪವನ್ನಲ್ಲ, ಕಂಡದ್ದನ್ನು ಬರೆಯಬೇಕು. "ಪ್ರಾಣಿಗಳನ್ನು ಕ್ರೂರವಾಗಿ ಇಟ್ಟಿದ್ದಾರೆ" ಎಂಬ ವಾಕ್ಯದಿಂದ ಅಧಿಕಾರಿಗೆ ಏನೂ ತಿಳಿಯದು. ಇಂಥ ದಿನ, ಇಂಥ ಹೊತ್ತಿನಲ್ಲಿ, ನೀರಿನ ಬಟ್ಟಲು ಪಾಚಿಗಟ್ಟಿ ಒಣಗಿತ್ತು, ತಂತಿಯ ತಳದಲ್ಲಿ ನಿಂತ ಮರಿಯ ಪಾದ ಹುಣ್ಣಾಗಿತ್ತು, ಸತ್ತ ಹಕ್ಕಿಯನ್ನು ಬದುಕಿರುವವುಗಳ ನಡುವಿನಿಂದ ತೆಗೆದಿರಲಿಲ್ಲ ಎಂದು ಬರೆದು, ಛಾಯಾಚಿತ್ರವನ್ನೂ ಖರೀದಿಯ ರಸೀದಿ ಇದ್ದರೆ ಅದರ ಪ್ರತಿಯನ್ನೂ ಲಗತ್ತಿಸಿ, ಮಂಡಳಿಗೂ ಜಿಲ್ಲೆಯ ಪ್ರಾಣಿದಯಾ ಸಂಘಕ್ಕೂ ಸಲ್ಲಿಸಿ ಸ್ವೀಕೃತಿ ಪಡೆದರೆ ಆ ಕಾಗದಕ್ಕೆ ಬಲ ಬರುತ್ತದೆ. ಪ್ರಾಣಿಯು ಸಾಯುವ ಸ್ಥಿತಿಯಲ್ಲಿದ್ದರೆ ಮಂಡಳಿಯ ಉತ್ತರಕ್ಕಾಗಿ ಕಾಯದೆ ಪೊಲೀಸ್ ಠಾಣೆಗೇ ಹೋಗಬೇಕು. ಮೊಕದ್ದಮೆ ನಡೆಯುವಾಗ ಪ್ರಾಣಿಯನ್ನು ಚಿಕಿತ್ಸಾಲಯಕ್ಕೆ ಕಳುಹಿಸುವ ಅಧಿಕಾರ 35ನೆಯ ಪ್ರಕರಣದ ಮೇರೆಗೆ ಮ್ಯಾಜಿಸ್ಟ್ರೇಟರಿಗಿದೆ.

ದೂರು ಬಂದ ಬಳಿಕ ಸ್ಥಳಪರಿಶೀಲನೆ, ಅನಂತರ ಅಂಗಡಿಯವನಿಗೆ ಕಾರಣ ಕೇಳುವ ನೋಟಿಸು, ಅವನ ಅಹವಾಲಿನ ವಿಚಾರಣೆ, ಕೊನೆಗೆ ಕಾರಣಸಹಿತವಾದ ಲಿಖಿತ ಆದೇಶ. ಈ ವಿಳಂಬವನ್ನು ಕಂಡು ಪ್ರಾಣಿಪ್ರಿಯರು ಕುದಿಯುವುದು ಸಹಜವೇ. ಆದರೆ ಸಂವಿಧಾನದ 19ನೆಯ ಅನುಚ್ಛೇದವು ವೃತ್ತಿಸ್ವಾತಂತ್ರ್ಯವನ್ನು ಯುಕ್ತ ನಿರ್ಬಂಧಗಳಿಗೆ ಒಳಪಡಿಸಿ ಎಲ್ಲ ನಾಗರಿಕರಿಗೂ ಕೊಟ್ಟಿರುವುದರಿಂದ, ಅಹವಾಲು ಕೇಳದೆ ಹೊರಡಿಸಿದ ರದ್ದತಿಯ ಆದೇಶವು ಉಚ್ಚ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಅದು ಬಿದ್ದುಹೋದರೆ ಬಿಡುಗಡೆಯಾದ ಪ್ರಾಣಿಗಳೇ ಮತ್ತೆ ಅದೇ ಪಂಜರ ಸೇರುವ ದುರ್ದೆಸೆ ಒದಗೀತು. ಆದುದರಿಂದ ನೋಟಿಸು ಕ್ರಮವಾಗಿ ತಲಪಿತೇ, ಮಹಜರಿಗೆ ಸಾಕ್ಷಿಗಳ ಸಹಿಯಾಯಿತೇ, ಪಶುವೈದ್ಯರ ವರದಿ ಕಡತಕ್ಕೆ ಸೇರಿತೇ ಎಂದು ವಿಚಾರಿಸಬೇಕಾದವನು ವರ್ತಕನಿಗಿಂತ ಮೊದಲು ದೂರುದಾರನೇ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ದೂರಿನ ಗತಿ ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಪರಿಶೀಲನಾ ವರದಿಯ ಪ್ರತಿಯನ್ನು ಬೇಡಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರತಕ್ಕದ್ದು. ಆಮೇಲೆಯೂ ಮಂಡಳಿ ಸುಮ್ಮನಿದ್ದರೆ, ಕರ್ತವ್ಯವನ್ನು ನೆರವೇರಿಸುವಂತೆ ನಿರ್ದೇಶಿಸಬೇಕೆಂದು 226ನೆಯ ಅನುಚ್ಛೇದದ ಮೇರೆಗೆ ಉಚ್ಚ ನ್ಯಾಯಾಲಯವನ್ನು ಪ್ರಾರ್ಥಿಸಬಹುದು. ಸ್ವೀಕೃತಿಯ ಮೊಹರುಳ್ಳ ಆ ಮೊದಲ ದೂರನ್ನೇ ವಕೀಲರು ಅರ್ಜಿಯೊಡನೆ ಲಗತ್ತಿಸುತ್ತಾರೆ.