ಅರ್ಧ ಇಂಚಿನ ಸಾಣೆ

ಸ್ಕೇಟಿನ ಬ್ಲೇಡು ಚಾಕುವಿನ ಹಾಗೆ ಚೂಪಾಗಿರುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಹಾಗಿಲ್ಲ. ಅದು ಸುಮಾರು ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ. ತಳದ ಉದ್ದಕ್ಕೂ ಪುಟ್ಟ ಕಾಲುವೆಯಂಥ ತಗ್ಗು, ಆ ಕಾಲುವೆಯ ಎರಡು ದಂಡೆಗಳೇ ಅದರ ಅಂಚು. ಸಾಣೆ ಹಿಡಿಯುವುದೆಂದರೆ ಆ ತಗ್ಗನ್ನು ಮತ್ತೆ ಕೊರೆಯುವುದು. ಗ್ರೈಂಡಿಂಗ್ ವೀಲಿನ ಮೈಯನ್ನು ವಜ್ರದ ಮೊನೆಯಿಂದ ದುಂಡಗೆ ಮಾಡಿಕೊಳ್ಳುತ್ತೇವೆ. ಆ ದುಂಡಿನ ತ್ರಿಜ್ಯ ಚಿಕ್ಕದಾದರೆ ತಗ್ಗು ಆಳವಾಗಿ ಐಸ್ ಮೇಲೆ ಹಿಡಿತ ಜಾಸ್ತಿ, ಆದರೆ ಓಟ ಕಡಿಮೆ. ದೊಡ್ಡದಾದರೆ ಜಾರುವುದು ಸಲೀಸು, ತಿರುವಿನಲ್ಲಿ ಕಷ್ಟ. ಬಹಳ ಜನ ಕೇಳುವುದು ಅರ್ಧ ಇಂಚು.

ಬೆಂಗಳೂರಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇಪ್ಪತ್ಮೂರು ವರ್ಷ ಗ್ರೈಂಡಿಂಗ್ ಮೆಷಿನ್ ಮುಂದೆ ನಿಂತವನು ನಾನು. ಸ್ವಯಂ ನಿವೃತ್ತಿ ತೆಗೆದುಕೊಂಡು, ಭಾವಮೈದುನನ ಮಾತು ಕೇಳಿ 2004ರಲ್ಲಿ ಕೆನಡಾದ ಬ್ರಾಂಪ್ಟನ್‌ಗೆ ಬಂದೆ. ಐಸ್ ಹಾಕಿ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದ್ದು ಹಳೆಯ ವಿದ್ಯೆಯಿಂದಲೇ. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡಿದವನಿಗೆ ಸ್ಕೇಟು ಯಾವ ಲೆಕ್ಕ ಎಂಬ ಜಂಬವೂ ಇತ್ತು.

ಆ ಜಂಬ ಇಳಿದದ್ದು 2013ರ ಚಳಿಗಾಲದಲ್ಲಿ. ಶನಿವಾರ ಸಂಜೆ, ಗಂಡುಮಕ್ಕಳನ್ನು ಕರೆತಂದ ಅಪ್ಪಂದಿರ ಸಾಲು ಬಾಗಿಲ ತನಕ. ನಡುವೆ ಒಬ್ಬ ಹುಡುಗಿ, ಇಪ್ಪತ್ತೈದರ ಆಸುಪಾಸು, ಒಂದು ಜೊತೆ ಸ್ಕೇಟು ಕೊಟ್ಟು 'ಅರ್ಧ ಇಂಚು' ಎಂದಳು. ಹವ್ಯಾಸಕ್ಕೆ ಆಡುವವಳಿರಬೇಕು ಅಂದುಕೊಂಡು, ಬ್ಲೇಡು ವೀಲಿನ ಮಧ್ಯಕ್ಕೆ ಕೂತಿದೆಯೇ ಎಂದು ಕೂಡ ನೋಡದೆ ನಾಲ್ಕು ಸಲ ಎಳೆದು ಕೊಟ್ಟೆ.

ಸೋಮವಾರ ಸಂಜೆ ಬಂದಳು. ಕೂಗಾಡಲಿಲ್ಲ. ಸ್ಕೇಟನ್ನು ತಲೆಕೆಳಗು ಮಾಡಿ ಹಿಡಿದು, ಜೇಬಿನಿಂದ ಕಾಲು ಡಾಲರ್ ನಾಣ್ಯ ತೆಗೆದು ಎರಡು ಅಂಚಿನ ಮೇಲೆ ಅಡ್ಡಲಾಗಿ ಇಟ್ಟಳು. ನಾಣ್ಯ ಒಂದು ಕಡೆಗೆ ವಾಲಿತು. ಅಂದರೆ ಒಂದು ದಂಡೆ ಎತ್ತರ, ಒಂದು ತಗ್ಗು. ಎಡಕ್ಕೆ ತಿರುಗುವಾಗ ಎರಡು ಸಲ ಬಿದ್ದಳಂತೆ, ಎರಡನೆಯ ಸಲ ಎದುರಾಳಿಗಳು ಗೋಲು ಹೊಡೆದರಂತೆ. 'ಇದು ನನ್ನ ಕೆಲಸದ ಸಾಮಾನು' ಎಂದಳು. ಏನು ಕೆಲಸ ಎಂದು ಕೇಳಿದೆ. ಕೆನಡಿಯನ್ ವಿಮೆನ್ಸ್ ಹಾಕಿ ಲೀಗ್‌ನಲ್ಲಿ ಡಿಫೆನ್ಸ್ ಆಡುತ್ತೇನೆ ಎಂದಳು. ಎಷ್ಟು ಕೊಡುತ್ತಾರೆ? 'ಏನೂ ಇಲ್ಲ.' ನಾನು ನಕ್ಕುಬಿಟ್ಟೆ. ಬ್ಲೇಡು ಕೆಡಿಸಿದ್ದಕ್ಕಿಂತ ಆ ನಗುವಿಗೇ ನನಗೆ ಇವತ್ತಿಗೂ ನಾಚಿಕೆಯಾಗುವುದು.

ಮುಂದಿನ ವರ್ಷದಿಂದ ಆಕೆಯ ತಂಡಕ್ಕೆ ವಾರಕ್ಕೆ ಎರಡು ರಾತ್ರಿ ಪುಕ್ಕಟೆ ಸಾಣೆ ಹಿಡಿಯತೊಡಗಿದೆ. ಶ್ರೀನಿವಾಸ ಎಂಬ ಹೆಸರು ಅವರ ಬಾಯಲ್ಲಿ 'ಸ್ರೀ' ಆಯಿತು. ಬೆಂಗಳೂರಿಗೆ ಫೋನ್ ಮಾಡಿ ಹಾಕಿ ತಂಡಕ್ಕೆ ಕೆಲಸ ಮಾಡುತ್ತಿದ್ದೇನೆ ಎಂದರೆ ತಂಗಿ, 'ಕೊಡಗಿನೋರ ತಂಡಾನಾ?' ಎಂದಳು.

ಅಭ್ಯಾಸ ಶುರುವಾಗುತ್ತಿದ್ದದ್ದು ರಾತ್ರಿ ಒಂಬತ್ತೂವರೆಗೆ. ಒಳ್ಳೆಯ ಹೊತ್ತಿನ ಐಸ್ ಎಲ್ಲ ಗಂಡುಹುಡುಗರ ತಂಡಗಳಿಗೆ ಮೊದಲೇ ಹಂಚಿಹೋಗಿರುತ್ತಿತ್ತು. ಈಕೆ ಹಗಲು ಪ್ರಾಥಮಿಕ ಶಾಲೆಯ ಮೇಡಂ. ಎಷ್ಟೋ ರಾತ್ರಿ ಅಭ್ಯಾಸ ಮುಗಿದ ಮೇಲೆ ನನ್ನ ಸಾಣೆಯಂತ್ರದ ಪಕ್ಕದ ಬೆಂಚಿನ ಮೇಲೆ ಕೂತು, ಒದ್ದೆ ಕೂದಲಿಗೆ ಟೋಪಿ ಸಿಕ್ಕಿಸಿಕೊಂಡು, ಮೂರನೇ ಕ್ಲಾಸಿನ ಮಕ್ಕಳ ಲೆಕ್ಕದ ಹಾಳೆ ತಿದ್ದುತ್ತಿದ್ದಳು. ವೀಲಿನ ಕಿಡಿ ಹಾಳೆಗೆ ಹಾರದಿರಲಿ ಎಂದು ನಾನು ಅಡ್ಡ ನಿಲ್ಲುತ್ತಿದ್ದೆ. ಮಾಂಟ್ರಿಯಲ್‌ಗೆ ಪಂದ್ಯವಿದ್ದರೆ ಶುಕ್ರವಾರ ರಜೆ ಬೇಡಬೇಕು. ಹೋಗುವುದು 540 ಕಿಲೋಮೀಟರ್ ಬಸ್ಸಿನಲ್ಲಿ, ಬರುವುದೂ ಅಷ್ಟೇ. ಸೋಮವಾರ ಬೆಳಗಿನ ಜಾವ ಮೂರಕ್ಕೆ ಮನೆ, ಎಂಟಕ್ಕೆ ಶಾಲೆ. ತಂಡದಲ್ಲಿ ನರ್ಸು, ಲೆಕ್ಕಪತ್ರದವರು, ಕಾಲೇಜಿನ ಕೋಚು, ಎಲ್ಲರದ್ದೂ ಇದೇ ಪಾಡು. ಒಂದು ಸ್ಟಿಕ್ಕಿಗೆ ಮುನ್ನೂರು ಡಾಲರ್ ಹತ್ತಿರ ಬೀಳುವ ಕಾಲದಲ್ಲಿ ಮುರಿದ ಸ್ಟಿಕ್ ಕಂಡರೆ ಅವರ ಮುಖ ನೋಡಬೇಕಿತ್ತು.

ಆ ಲೀಗ್ ಹುಟ್ಟಿದ್ದು 2007ರಲ್ಲಿ. ಆಟಗಾರ್ತಿಯರಿಗೆ ಮೊದಲ ಸಲ ಹಣ ಕೊಟ್ಟದ್ದು 2017–18ರ ಸೀಸನ್ನಿನಲ್ಲಿ, ಅದೂ ಒಬ್ಬೊಬ್ಬರಿಗೆ ಸೀಸನ್ನಿಗೆ 2,000ದಿಂದ 10,000 ಕೆನಡಿಯನ್ ಡಾಲರ್ ಅಷ್ಟೇ. ಒಲಿಂಪಿಕ್ ಚಿನ್ನ ಗೆದ್ದವರು ಕೂಡ ಆಡುತ್ತಿದ್ದ ಲೀಗ್ ಇದು.

ನಾನು ಕಲಿತ ಪಾಠ ಇಲ್ಲಿದೆ, ಅದೂ ನಮ್ಮ ಮನೆಯ ಊಟದ ಮೇಜಿನ ಮುಂದೆ. ಯುಗಾದಿಗೆ ಆಕೆಯನ್ನು ಕರೆದಿದ್ದೆವು. ಬಿಸಿಬೇಳೆಬಾತ್ ಬಡಿಸುತ್ತ ಭಾವಮೈದುನನ ಮುಂದೆ ಹೆಮ್ಮೆಯಿಂದ, ಆಕೆಗೂ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲೇ ಹೇಳಿದೆ: ಇವರೆಲ್ಲ ಎಷ್ಟು ವರ್ಷ ಒಂದು ಕಾಸೂ ಇಲ್ಲದೆ ಆಡಿದವರು, ಆಟದ ಮೇಲಿನ ಪ್ರೀತಿ ಅಂದರೆ ಇದು, ಗಂಡಸರದು ಬರೀ ದುಡ್ಡು. ಆಕೆ ಚಮಚ ಕೆಳಗಿಟ್ಟಳು.

'ಸ್ರೀ, ನಿಮ್ಮ ಫ್ಯಾಕ್ಟರಿ ಕೆಲಸ ನಿಮಗೆ ಇಷ್ಟ ಇತ್ತಾ?'

'ತುಂಬಾ ಇಷ್ಟ ಇತ್ತು.'

'ಹಾಗಾದ್ರೆ ಸಂಬಳ ಯಾಕೆ ತಗೊಂಡ್ರಿ?'

ಅಡುಗೆಮನೆಯಲ್ಲಿ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು.

ಆ ರಾತ್ರಿ ನಿದ್ದೆ ಬರಲಿಲ್ಲ. 1980–81ರಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದಾಗ ನಾನು ಆಗಷ್ಟೇ ಸೇರಿದ ಹುಡುಗ, ಗೇಟಿನ ಮುಂದೆ ಕೂತವನು. ಮೆಷಿನ್ ಮೇಲೆ ಅಷ್ಟು ಪ್ರೀತಿಯಿದ್ದರೆ ಸುಮ್ಮನೆ ದುಡಿಯಿರಿ ಎಂದು ಯಾರಾದರೂ ಅಂದಿದ್ದರೆ ಕೇಳಿಕೊಂಡು ಇರುತ್ತಿದ್ದೆನೇ? ಹೆಂಗಸರ ಆಟದ ವಿಷಯಕ್ಕೆ ಬಂದಾಗ ಅದೇ ಮಾತನ್ನು ಹೊಗಳಿಕೆ ಎಂದು ಆಡುತ್ತಿದ್ದೆ. ಕಾಸು ಕೊಡದವರಿಗೆ ಇಂಥ ಹೊಗಳಿಕೆ ಬಹಳ ಅನುಕೂಲ.

2019ರ ಮಾರ್ಚ್ 31, ಭಾನುವಾರ. ಲೀಗ್‌ನ ಕ್ಲಾರ್ಕ್‌ಸನ್ ಕಪ್ ಫೈನಲ್ ಮುಗಿದು ಒಂದೇ ವಾರ. ಲೀಗ್ ಮುಚ್ಚುತ್ತಿದ್ದೇವೆ ಎಂಬ ಸುದ್ದಿ ಫೋನಿನಲ್ಲಿ ಬಂತು. ಹಣಕಾಸಿನ ಲೆಕ್ಕ ಹೊಂದುತ್ತಿಲ್ಲ ಎಂಬುದು ಅವರು ಕೊಟ್ಟ ಕಾರಣ. ಆಕೆಗೆ ಆಗ ಮೂವತ್ತು ದಾಟಿತ್ತು. ಅಮೆರಿಕದಲ್ಲಿ ಇನ್ನೊಂದು ಲೀಗ್ ಇತ್ತು, ಅಲ್ಲಿಗೆ ಹೋಗು ಎಂದೆ. ಇಲ್ಲ ಎಂದಳು. ಮೇ 2ರಂದು ಇನ್ನೂರಕ್ಕೂ ಹೆಚ್ಚು ಆಟಗಾರ್ತಿಯರು ಒಟ್ಟಾಗಿ, ಬದುಕಲು ಸಾಕಾಗುವ ಸಂಬಳ, ಆರೋಗ್ಯ ವಿಮೆ ಇಲ್ಲದೆ ಉತ್ತರ ಅಮೆರಿಕದ ಯಾವ ಲೀಗ್‌ನಲ್ಲೂ ಆಡುವುದಿಲ್ಲ ಎಂದು ಘೋಷಿಸಿದರು. ಆಕೆಯೂ ಅವರಲ್ಲೊಬ್ಬಳು. ನಮ್ಮ ಭಾಷೆಯಲ್ಲಿ ಅದು ಮುಷ್ಕರವೇ. ನಮ್ಮದು 77 ದಿನ, ಇವರದು ನಾಲ್ಕು ವರ್ಷ. ನಡುವೆ ಕೋವಿಡ್. ಊರೂರಿಗೆ ಹೋಗಿ ಪ್ರದರ್ಶನ ಪಂದ್ಯ ಆಡುತ್ತಿದ್ದರು. ಆ ಅವಧಿಯಲ್ಲಿ ಆಕೆಯ ಮಂಡಿ ಹೋಯಿತು, ಆಪರೇಷನ್ ಆಯಿತು, ಮತ್ತೆ ಐಸ್‌ಗೆ ಇಳಿದಳು. ಅದನ್ನು ಬೆಳೆಸುವುದಿಲ್ಲ.

2023ರಲ್ಲಿ ಹೊಸ ವೃತ್ತಿಪರ ಲೀಗ್ ಬಂತು. ಪಿಡಬ್ಲ್ಯೂಎಚ್‌ಎಲ್ ಎಂದು ಕರೆಯುತ್ತಾರೆ. ಹಳೆಯ ಯೂನಿಯನ್ ಮನುಷ್ಯನಾದ ನನಗೆ ಮೆಚ್ಚಿಗೆಯಾದದ್ದು ಒಂದೇ ಸಂಗತಿ: ಮೊದಲು ಒಪ್ಪಂದ, ಆಮೇಲೆ ಆಟ. ಒಂದೇ ಒಂದು ಪಂದ್ಯ ನಡೆಯುವ ಮುಂಚೆಯೇ 2031ರ ತನಕದ ಸಾಮೂಹಿಕ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಆಗ ಕನಿಷ್ಠ ಸಂಬಳ 35,000 ಅಮೆರಿಕನ್ ಡಾಲರ್. ಪ್ರತಿ ತಂಡದಲ್ಲೂ ಕನಿಷ್ಠ ಆರು ಜನರಿಗೆ 80,000ಕ್ಕೆ ಕಡಿಮೆ ಇಲ್ಲದಂತೆ ಮೂರು ವರ್ಷದ ಕರಾರು. ಕನಿಷ್ಠ ಸಂಬಳದವರು ತಂಡಕ್ಕೆ ಒಂಬತ್ತಕ್ಕಿಂತ ಹೆಚ್ಚು ಇರಕೂಡದು. ಈ ಕೊನೆಯ ಷರತ್ತು ಬರೆಸಿದವರು ಬುದ್ಧಿವಂತರು. ಇಲ್ಲದಿದ್ದರೆ ಕನಿಷ್ಠವೇ ಎಲ್ಲರ ಸಂಬಳವಾಗಿಬಿಡುತ್ತದೆ, ನಾನು ಕಂಡದ್ದೇ.

ಆ ಸೆಪ್ಟೆಂಬರಿನ ಡ್ರಾಫ್ಟಿನಲ್ಲಿ ಆರು ತಂಡಗಳು ಹದಿನೈದು ಸುತ್ತಿನಲ್ಲಿ 90 ಜನರನ್ನು ಆರಿಸಿದವು. ಆಕೆಯ ಹೆಸರು ಬರಲಿಲ್ಲ. ಮರುದಿನ ಫೋನ್ ಮಾಡಲು ನನಗೆ ಧೈರ್ಯ ಬರಲಿಲ್ಲ. ಆಕೆಯೇ ಮಾಡಿ, ತಾನು ಕಲಿಸುವ ಹುಡುಗಿಯರ ತಂಡದ ಹದಿನಾಲ್ಕು ಜೊತೆ ಸ್ಕೇಟಿಗೆ ಸಾಣೆ ಆಗಬೇಕು, ಗುರುವಾರದೊಳಗೆ ಆಗುತ್ತದೆಯೇ ಎಂದು ಕೇಳಿದಳು.

2024ರ ಫೆಬ್ರುವರಿ 16ರಂದು ಟೊರಾಂಟೊದ ಸ್ಕೋಶಿಯಾಬ್ಯಾಂಕ್ ಅರೀನಾದಲ್ಲಿ ಟೊರಾಂಟೊ–ಮಾಂಟ್ರಿಯಲ್ ಪಂದ್ಯ. ಇಬ್ಬರೂ ಹೋಗಿದ್ದೆವು. ನೋಡಲು ಬಂದವರು 19,285 ಜನ. ಬೇಜಾರಾಗುವುದಿಲ್ಲವೇ ಎಂದು ಕೇಳಿದೆ. 'ಆಗುತ್ತೆ' ಎಂದಳು. ಆಮೇಲೆ ಐಸ್ ಮೇಲೆ ತನಗಿಂತ ಹತ್ತು ವರ್ಷ ಚಿಕ್ಕವಳಾದ ಒಬ್ಬ ಡಿಫೆನ್ಸ್ ಆಟಗಾರ್ತಿಯನ್ನು ತೋರಿಸಿ, ಅವಳು ಹಿಂದಕ್ಕೆ ಜಾರುತ್ತ ಎಡಕ್ಕೆ ತಿರುಗುವುದನ್ನು ನೋಡು ಎಂದಳು. ಎಂಟು ಸೀಸನ್ ಲೀಗ್ ಆಡಿದ ಈಕೆಯ ಕೈಗೆ ಬಂದದ್ದು, ಕೊನೆಯ ಎರಡು ವರ್ಷದ್ದು ಸೇರಿಸಿ, 6,500 ಕೆನಡಿಯನ್ ಡಾಲರ್. ಕೇಳಿದ್ದಕ್ಕೆ ಹೇಳಿದಳು, ಅಷ್ಟೇ.

ಈಗ ನನ್ನ ಅಂಗಡಿಗೆ ಕನ್ನಡದ ಅಪ್ಪ-ಅಮ್ಮಂದಿರೂ ಮಗಳನ್ನು ಕರೆದುಕೊಂಡು ಬರುತ್ತಾರೆ. ಅವರಿಗೆ ಹೇಳುವುದು ಇಷ್ಟು. ಮೊದಲ ವರ್ಷ ಹೊಸ ಸ್ಕೇಟು ಕೊಳ್ಳಬೇಡಿ, ಹಳೆಯದು ಸಾಕು, ಕಾಲು ಬೆಳೆಯುತ್ತದೆ. ಸಾಣೆ ಹಿಡಿಸಿದ ಮೇಲೆ ಅಂಗಡಿಯಿಂದ ಹೊರಡುವ ಮುಂಚೆ ಬ್ಲೇಡಿನ ಮೇಲೆ ಒಂದು ನಾಣ್ಯ ಇಟ್ಟು ನೋಡಿ. ವಾಲಿದರೆ ಅಲ್ಲೇ ವಾಪಸ್ ಕೊಡಿ, ಎದುರಿಗೆ ನಾನೇ ಇದ್ದರೂ ಸರಿ.