ಬೇಲೂರು ನೋಡದ ಅಮ್ಮಂದಿರು

ದಂಡಿನಶಿವರ ಊರಿನ ಮನೆಗಳ ಅಟ್ಟದ ಮೇಲೆ ತೆಂಗಿನಕಾಯಿ ಹತ್ತು-ಹನ್ನೊಂದು ತಿಂಗಳು ಕೂರುತ್ತದೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಲೊಡಲೊಡ ಎನ್ನುವ ಹೊತ್ತಿಗೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತಾರೆ. ಅಲ್ಲಿಂದ ಅದರ ಪಯಣ ಉತ್ತರ ಭಾರತದ ಮದುವೆಮನೆಗಳಿಗೆ. ಚಿಪ್ಪು ಒಡೆದ ಹೆಂಗಸು ಮಾತ್ರ ಎಷ್ಟೋ ಸಲ ಪಕ್ಕದ ತಾಲ್ಲೂಕಿನ ಅರಳಗುಪ್ಪೆಯ ಹಳೆಯ ದೇವಾಲಯವನ್ನೂ ನೋಡಿರುವುದಿಲ್ಲ. ಅವಳಿಗೆ ಅದೆಲ್ಲ ಬೇಕಿಲ್ಲ ಎಂದು ಮನೆಯವರು ತಾವೇ ತೀರ್ಮಾನಿಸಿರುತ್ತಾರೆ. ಕೇಳಿ ನೋಡಿದವರು ಕಡಿಮೆ.

ಕೇಳಿದವರಲ್ಲಿ ಒಬ್ಬರು ಮೈಸೂರಿನ ಡಿ. ಕೃಷ್ಣಕುಮಾರ್. ಅವರ ತಾಯಿ ಚೂಡಾರತ್ನಮ್ಮ ಕೂಡುಕುಟುಂಬದ ಅಡುಗೆಮನೆಯಲ್ಲೇ ಆಯುಷ್ಯದ ಬಹುಭಾಗ ಕಳೆದವರು. 2015ರಲ್ಲಿ ಪತಿ ತೀರಿಕೊಂಡರು. ಒಂದು ದಿನ ಮಗ ಅದೂ ಇದೂ ಮಾತಾಡುತ್ತಾ ದೊಡ್ಡ ದೊಡ್ಡ ಕ್ಷೇತ್ರಗಳ ಹೆಸರು ಹೇಳಿ ನೋಡಿದ್ದೀಯಾ ಎಂದು ಕೇಳಿದರೆ, ತಾಯಿ ಹತ್ತಿರದ ಬೇಲೂರು-ಹಳೇಬೀಡನ್ನೇ ನೋಡಿಲ್ಲವೆಂದರು. ಮಗ ಕೆಲಸ ಬಿಟ್ಟರು. ಅಪ್ಪ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ ಎಪ್ಪತ್ತರ ಆಸುಪಾಸಿನ ತಾಯಿಯನ್ನು ಕೂರಿಸಿಕೊಂಡು 2018ರ ಜನವರಿ 16ರಂದು ಹೊರಟರು.

ಮಠ, ದೇವಸ್ಥಾನಗಳಲ್ಲಿ ತಂಗುತ್ತಾ ದೇಶ ಸುತ್ತಿದರು. ನೇಪಾಳ, ಭೂತಾನ್, ಮ್ಯಾನ್ಮಾರ್ ಕಂಡರು. 2020ರ ಲಾಕ್‌ಡೌನ್ ಭೂತಾನ್ ಗಡಿಯಲ್ಲಿ ತಡೆದು ನಿಲ್ಲಿಸಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಮೈಸೂರು ಮುಟ್ಟುವ ಹೊತ್ತಿಗೆ ಸ್ಕೂಟರು ಓಡಿದ್ದು 56,522 ಕಿಲೋಮೀಟರು.

ಪತ್ರಿಕೆಗಳು ಮಗನನ್ನು ಶ್ರವಣಕುಮಾರ ಎಂದವು. ಹೊಗಳಿಕೆ ಸರಿ, ಹೋಲಿಕೆ ಅಷ್ಟು ಸರಿಯಿಲ್ಲ. ಶ್ರವಣನ ತಂದೆತಾಯಿಗೆ ಕಣ್ಣಿರಲಿಲ್ಲ, ಅವರು ಹೊರೆಯಾಗಿ ಕಾವಡಿಯಲ್ಲಿ ಕೂತವರು. ಚೂಡಾರತ್ನಮ್ಮ ಆ ವಯಸ್ಸಿನಲ್ಲಿ ಹೆಲ್ಮೆಟ್ ಹಾಕಿಕೊಂಡು, ಮಳೆ-ಬಿಸಿಲು-ಗುಂಡಿಗಳ ನಡುವೆ ಸೀಟಿನ ಮೇಲೆ ಕೂತು, ಎಲ್ಲವನ್ನೂ ತಮ್ಮ ಕಣ್ಣಿಂದ ನೋಡಿದವರು. ಸಂಕಲ್ಪದಲ್ಲಿ ಅವರ ಪಾಲೂ ಅರ್ಧವಿದೆ. ಈ ಅರ್ಧವನ್ನು ಬರೆದವರು ಕಡಿಮೆ.

ಆ ಸುದ್ದಿ ಓದಿದ ಮೇಲೆಯೇ ನಮ್ಮ ಮನೆಯಲ್ಲೂ ಯಾವ ಊರು ನೋಡಬೇಕೆಂದು ಅಜ್ಜಿಯನ್ನು ಕೇಳಿದ್ದು. ಅವರು ಈಗಿಲ್ಲ. ಕೇಳಿದ ಕೂಡಲೇ ಅವರು ಹೇಳಿದ್ದು ಅರಳಗುಪ್ಪೆ. ಆ ಊರಿನ ಹೆಸರು ದಿನಾ ಕಿವಿಗೆ ಬೀಳುತ್ತಿತ್ತಂತೆ. ಕರೆದುಕೊಂಡು ಹೋದೆವು. ಅಲ್ಲಿನ ಕಲ್ಲೇಶ್ವರ ದೇವಾಲಯದ ಒಳಛಾವಣಿಯಲ್ಲಿ ನರ್ತಿಸುವ ಶಿವ, ಸುತ್ತ ಎಂಟು ದಿಕ್ಪಾಲಕರು. ಒಂಬತ್ತನೆಯ ಶತಮಾನದ ಕೆಲಸವೆಂದು ನಾವು ಫೋನಿನಲ್ಲಿ ಓದುತ್ತಿದ್ದರೆ, ಅಜ್ಜಿ ಕುತ್ತಿಗೆ ಎತ್ತಿ ವಾಹನ ನೋಡಿಯೇ ಗುರುತು ಹಿಡಿದರು: ಟಗರಿದ್ದರೆ ಅಗ್ನಿ, ಕೋಣವಿದ್ದರೆ ಯಮ, ಆನೆಯಿದ್ದರೆ ಇಂದ್ರ. ಅಕ್ಷರ ಬಾರದವರು ಎಂದುಕೊಂಡಿದ್ದ ನಮಗೇ ಅಂದು ಪಾಠವಾಯಿತು. ಅಷ್ಟು ಭಾರದ ಕಲ್ಲನ್ನು ಮೇಲೆ ಏರಿಸಿದ್ದು ಹೇಗೆ ಎಂಬ ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮುಂದಿನ ಊರು ಬೇಲೂರು. ಅಲ್ಲಿನ ದೇವಾಲಯದ ಮದನಿಕೆ ಶಿಲ್ಪಗಳ ಮುಂದೆ ಅಜ್ಜಿ ಹೆಚ್ಚು ನಿಲ್ಲಲಿಲ್ಲ. ಆವರಣದಲ್ಲಿ 42 ಅಡಿಯ ಕಂಬ ಅಡಿಪಾಯಕ್ಕೆ ಕಚ್ಚಿಕೊಳ್ಳದೆ ತನ್ನ ತೂಕದ ಮೇಲೇ ನಿಂತಿದೆ ಎಂದು ಗೈಡ್ ಬುಡದಡಿ ಕಾಗದ ತೂರಿಸಿ ತೋರಿಸಿದಾಗ, ಅವರು ಆ ಕಾಗದ ಇಸಿದುಕೊಂಡು, ಮಂಡಿಯೂರಿ, ಸುತ್ತಲೂ ತಾವೇ ತೂರಿಸಿ ನೋಡಿ, ಎಲ್ಲಿ ಹೋಗುತ್ತದೆ, ಎಲ್ಲಿ ಹೋಗುವುದಿಲ್ಲ ಎಂದು ಗೈಡಿಗೇ ವಿವರಿಸತೊಡಗಿದರು.